ಪ್ಲೇಟ್‌ಲೆಟ್ ಇಳಿದರೂ ರಕ್ತ ಹೆಪ್ಪುಗಟ್ಟುತ್ತೆ: ಹೆಪಾರಿನ್ ತರುವ ತೊಡಕು

ಮಳೆಗಾಲ ಬಂತೆಂದರೆ ಕಲಬುರಗಿಯ ಯಾವ ವಾರ್ಡ್‌ಗೆ ಹೋದರೂ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗೋ ಕಣ) ಮಾತೇ. ಎಣಿಕೆ ಇಳಿದರೆ ಡೆಂಗಿ ಅಂತಲೇ ಎಲ್ಲರ ಲೆಕ್ಕ. ಆದರೆ ಆಪರೇಷನ್ ಆದವರಲ್ಲಿ, ಐಸಿಯು ರೋಗಿಗಳಲ್ಲಿ ಇನ್ನೊಂದು ಕಾರಣವೂ ಇರಬಹುದು: ಹೆಪಾರಿನ್, ಅಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯೋ ಔಷಧ. ಈ ತೊಡಕಿಗೆ ಹೆಪಾರಿನ್-ಇಂಡ್ಯೂಸ್ಡ್ ಥ್ರಾಂಬೋಸೈಟೋಪೀನಿಯಾ, ಚಿಕ್ಕದಾಗಿ 'ಹಿಟ್' ಅಂತಾರೆ. ಅಪರೂಪ ನಿಜ, ಆದರೆ ನಮ್ಮ ಕಣ್ಣಿಗೆ ಬೀಳದೇ ಹೋದರೆ ರೋಗಿಯ ಕಾಲು ಹೋಗಬಹುದು, ಜೀವವೂ ಹೋಗಬಹುದು.

ಒಂದು ಕೇಸ್ ಅಂದುಕೊಳ್ಳಿ. ಸೇಡಂ ಕಡೆಯ 60 ದಾಟಿದ ಹೆಂಗಸು. ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ. ಕಾಲಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ದಿನಾ ಹೆಪಾರಿನ್ ಇಂಜೆಕ್ಷನ್. ಮೊದಲು 2.6 ಲಕ್ಷ ಇದ್ದ ಪ್ಲೇಟ್‌ಲೆಟ್ ಏಳನೇ ದಿನ 80 ಸಾವಿರ. ಎಡಗಾಲು ಊದಿದೆ. ಮಗ ಗಾಬರಿಯಲ್ಲಿ ಕೇಳುತ್ತಾನೆ: "ಡೆಂಗಿ ಆಗ್ಯಾದೇನ್ರಿ ಸರ್? ಪಪ್ಪಾಯಿ ಎಲಿ ರಸ ಕುಡಸಲೇನ್ರಿ? ಪ್ಲೇಟ್‌ಲೆಟ್ ಏರಸ್ರಿ ಮತ್ತ."

ಏರಿಸಬೇಕಾ? ಒಳಗೆ ಏನಾಗ್ತಿದೆ ನೋಡಿ. ಪ್ಲೇಟ್‌ಲೆಟ್‌ನಿಂದ ಹೊರಬರುವ ಪಿಎಫ್4 ಅನ್ನೋ ಪ್ರೋಟೀನ್ ಹೆಪಾರಿನ್‌ಗೆ ಅಂಟಿಕೊಳ್ಳುತ್ತೆ. ಕೆಲವರ ದೇಹ ಈ ಜೋಡಿಯ ವಿರುದ್ಧ ಐಜಿಜಿ ಅನ್ನೋ ಪ್ರತಿಕಾಯ (ಆಂಟಿಬಾಡಿ) ತಯಾರಿಸುತ್ತೆ. ಅದು ಪ್ಲೇಟ್‌ಲೆಟ್‌ಗಳನ್ನೇ ಕೆರಳಿಸುತ್ತೆ, ರಕ್ತ ಹೆಪ್ಪುಗಟ್ಟಿಸೋ ಥ್ರಾಂಬಿನ್ ಜಾಸ್ತಿಯಾಗುತ್ತೆ, ರಕ್ತನಾಳದಲ್ಲಿ ಹೆಪ್ಪು ಕೂರುತ್ತೆ. ಎಣಿಕೆ ಇಳಿಯೋದು ಪ್ಲೇಟ್‌ಲೆಟ್ ಹೀಗೆ ಖರ್ಚಾಗೋದರಿಂದ. ಅಂದರೆ ಇಲ್ಲಿ ಭಯ ರಕ್ತಸ್ರಾವದ್ದಲ್ಲ, ಹೆಪ್ಪಿನದ್ದು. ಸುಮ್ನೆ ಪ್ಲೇಟ್‌ಲೆಟ್ ಏರಿಸಿದರೆ ಉರಿಯೋ ಬೆಂಕಿಗೆ ತುಪ್ಪ ಸುರಿದ ಹಾಗೆ. ರಕ್ತ ಸೋರುತ್ತಿದ್ದರೆ ಮಾತ್ರ ಬೇರೆ ಮಾತು.

ಅನುಮಾನ ಎಷ್ಟು ಗಟ್ಟಿ ಅಂತ ಅಳೆಯೋಕೆ 'ಫೋರ್ ಟೀ' (ನಾಲ್ಕು T) ಅಂಕ ಇದೆ. ಎಷ್ಟು ಇಳಿದಿದೆ, ಯಾವಾಗ ಇಳಿಯಿತು, ಹೊಸ ಹೆಪ್ಪು ಇದೆಯಾ, ಬೇರೆ ಕಾರಣ ಇದೆಯಾ: ಒಂದೊಂದಕ್ಕೂ 2ರವರೆಗೆ ಅಂಕ. ನಮ್ಮ ರೋಗಿಗೆ ಅರ್ಧಕ್ಕಿಂತ ಜಾಸ್ತಿ ಇಳಿದಿದ್ದಕ್ಕೆ 2, 5ರಿಂದ 10ನೇ ದಿನದ ಒಳಗೆ ಆಗಿದ್ದಕ್ಕೆ 2, ಕಾಲಿನ ಡಾಪ್ಲರ್ ಸ್ಕ್ಯಾನ್‌ನಲ್ಲಿ ಹೆಪ್ಪು ಕಂಡರೆ 2, ಡೆಂಗಿಯ ಸಾಧ್ಯತೆ ಉಳಿದಿರೋದರಿಂದ 1. ಒಟ್ಟು 7. 6 ಅಥವಾ ಜಾಸ್ತಿ ಬಂದರೆ ಅನುಮಾನ ಬಲ. 3 ಅಥವಾ ಕಡಿಮೆ ಬಂದರೆ ಹಿಟ್ ಬಹುತೇಕ ಅಲ್ಲ.

ಲ್ಯಾಬ್ ರಿಪೋರ್ಟ್‌ನಲ್ಲಿ ಒಂದು ಮೋಸ ಇದೆ. 3.6 ಲಕ್ಷ ಇದ್ದದ್ದು 1.6 ಲಕ್ಷಕ್ಕೆ ಬಂದರೆ ಕೆಂಪು ಗುರುತೇ ಬೀಳಲ್ಲ, ಯಾಕೆಂದರೆ 1.5ರ ಮೇಲೆ ಎಲ್ಲ ನಾರ್ಮಲ್. ಆದರೆ ಅರ್ಧಕ್ಕಿಂತ ಜಾಸ್ತಿ ಇಳಿದಿದೆ ಅಲ್ವಾ? ಹಾಗಾಗಿ ಇವತ್ತಿನ ಅಂಕಿ ಒಂದನ್ನೇ ನೋಡಬೇಡಿ, ಹಿಂದಿನ ದಿನಗಳದ್ದನ್ನೂ ಸಾಲಾಗಿ ಬರೆದು ನೋಡಿ. ಹೋದ ತಿಂಗಳಷ್ಟೇ ಹೆಪಾರಿನ್ ತಗೊಂಡವರಲ್ಲಿ ಐದು ದಿನ ಕಾಯಬೇಕಿಲ್ಲ, ಒಂದೇ ದಿನದಲ್ಲಿ ಇಳಿಯಬಹುದು.

ಅನುಮಾನ ಬಲವಾಗಿದ್ದರೆ ಪ್ರತಿಕಾಯದ ರಿಪೋರ್ಟ್‌ಗೆ ಕಾಯಬಾರದು. ಹೆಪಾರಿನ್ ಪೂರ್ತಿ ನಿಲ್ಲಿಸಿ. ಇಂಜೆಕ್ಷನ್ ನಿಲ್ಲಿಸಿದರೂ, ಸೆಂಟ್ರಲ್ ಲೈನ್ (ದೊಡ್ಡ ಸಿರೆಗೆ ಹಾಕಿದ ನಳಿಕೆ) ತೊಳೆಯೋ ಫ್ಲಶ್, ಡಯಾಲಿಸಿಸ್ ಮೆಷಿನ್‌ಗೆ ಹಾಕೋ ಹೆಪಾರಿನ್ ಮರೆತುಬಿಡೋದು ತುಂಬಾ ಸುಲಭ. ಎನಾಕ್ಸಪಾರಿನ್‌ಗೆ ಬದಲಿಸಿದರೂ ಪ್ರಯೋಜನವಿಲ್ಲ, ಅದೂ ಹೆಪಾರಿನ್ ಜಾತಿಯದ್ದೇ.

ಬರೀ ನಿಲ್ಲಿಸಿದರೂ ಸಾಲದು. ಹೆಪ್ಪು ತಡೆಯೋ ಬೇರೆ ಔಷಧ ಬೇಕು. ಕಿಡ್ನಿ ಕೆಟ್ಟಿದ್ದರೆ ಅರ್ಗಟ್ರೋಬಾನ್, ಯಾಕೆಂದರೆ ಅದನ್ನು ಹೊರಹಾಕೋದು ಲಿವರ್. ಲಿವರ್ ಕೆಟ್ಟು ಕಿಡ್ನಿ ಚೆನ್ನಾಗಿದ್ದರೆ ಫೊಂಡಾಪ್ಯಾರಿನಕ್ಸ್ ನೋಡಬಹುದು. ಹೆಪ್ಪು ತಡೆಯೋ ಮಾತ್ರೆ ವಾರ್ಫರಿನ್‌ಗೆ ಅವಸರ ಬೇಡ: ಅದು ಹೆಪ್ಪಿಗೆ ಕಡಿವಾಣ ಹಾಕೋ ಪ್ರೋಟೀನ್ ಸಿಯನ್ನು ಮೊದಲು ಇಳಿಸುತ್ತೆ, ಕಾಲು ಕಪ್ಪಾಗಿ ಗ್ಯಾಂಗ್ರಿನ್ ಆಗಬಹುದು. ಪ್ಲೇಟ್‌ಲೆಟ್ 1.5 ಲಕ್ಷ ದಾಟಿದ ಮೇಲೇ ಶುರು ಮಾಡಿ. ಮೊದಲೇ ಕೊಟ್ಟಿದ್ದರೆ ಅದರ ಪರಿಣಾಮ ಇಳಿಸೋಕೆ ವಿಟಮಿನ್ ಕೆ ಕೊಡಬೇಕು.

ಮೆಡಿಕಲ್ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಕೇಳಬಹುದಾದ್ದು: ಇಂಥ ರೋಗಿಗೆ ಹೊಟ್ಟೆನೋವು ಬಂದು ಬಿಪಿ ಕುಸಿದರೆ? ಕಿಡ್ನಿಯ ಮೇಲಿರೋ, ಸ್ಟೀರಾಯ್ಡ್ ಹಾರ್ಮೋನ್ ತಯಾರಿಸೋ ಅಡ್ರಿನಲ್ ಗ್ರಂಥಿಯ ಸಿರೆಯಲ್ಲಿ ಹೆಪ್ಪುಗಟ್ಟಿ ಒಳಗೇ ರಕ್ತ ಸೋರಿರಬಹುದು. ಸ್ಟೀರಾಯ್ಡ್ ಬೇಕು.

ಹೃದಯದ ಆಪರೇಷನ್ ಆದವರದ್ದು ಬೇರೆ ಕಥೆ. ಆಪರೇಷನ್ ವೇಳೆ ಹೃದಯದ ಕೆಲಸ ಮಾಡೋ ಬೈಪಾಸ್ ಮೆಷಿನ್‌ನಿಂದಲೇ ಮೊದಲ ಮೂರ್ನಾಲ್ಕು ದಿನ ಪ್ಲೇಟ್‌ಲೆಟ್ ಇಳಿಯುತ್ತೆ, ಆಮೇಲೆ ಏರುತ್ತೆ. ಏರಿದ್ದು ಮತ್ತೆ ಇಳಿದರೆ ಹಿಟ್ ಅಂತ ಅನುಮಾನಪಡಿ. ಇಂಥ ಪ್ರತಿಕಾಯ ಸಾಮಾನ್ಯವಾಗಿ ಮೂರು ತಿಂಗಳ ಆಸುಪಾಸಿನಲ್ಲಿ ಮಾಯವಾಗುತ್ತೆ. ಆಗ ಹೃದಯದ ಆಪರೇಷನ್ ಬೇಕಾದರೆ, ಪ್ರತಿಕಾಯ ಇಲ್ಲ ಅಂತ ಪರೀಕ್ಷಿಸಿ, ಥಿಯೇಟರ್ ಒಳಗಷ್ಟೇ ಹೆಪಾರಿನ್ ಬಳಸಬಹುದು. ಹೊರಗೆ ಬಂದ ಮೇಲೆ ಮತ್ತೆ ಬೇರೆ ಔಷಧವೇ.