ಆಡದವರಿಗೆ ತಂಡದಲ್ಲಿ ಜಾಗ ಯಾಕೆ?

ಪ್ರಶ್ನೆ: ಗಾಯ ಮಾಡಿಕೊಂಡು ಕೂತ ಹಿರಿಯ ಆಟಗಾರರನ್ನು ಎನ್‌ಬಿಎ (ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್) ತಂಡಗಳು ಯಾಕೆ ಇಟ್ಟುಕೊಳ್ಳುತ್ತವೆ? ಬೆಂಚಿನಲ್ಲಿ ಕೂತು ಟವೆಲ್ ಬೀಸೋಕೆ ಅಷ್ಟೊಂದು ದುಡ್ಡಾ? ಚಿಕ್ಕವರಿಗೆ ಹೇಳಿಕೊಡೋಕೆ ಕೋಚ್‌ಗಳಿದ್ದಾರಲ್ಲ?

ಈ ಪ್ರಶ್ನೆ ಪ್ರತಿ ಸೀಸನ್‌ನಲ್ಲೂ ಬರುತ್ತದೆ. ಆಟಗಾರನ ಹೆಸರು ಮಾತ್ರ ಬೇರೆ. ಸರಿ, ಇನ್ನೊಂದು ಸಲ ಹೇಳುತ್ತೇನೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಪಂದ್ಯ ನೋಡುವವರಿಗೆ ಆಂಡ್ರೆ ಇಗುಡಾಲ ಗೊತ್ತೇ ಇರುತ್ತಾರೆ, ಅವರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

2015ರ ಫೈನಲ್ಸ್‌ನ ಎಂವಿಪಿ, ಅಂದರೆ ಅತ್ಯುತ್ತಮ ಆಟಗಾರ. 2022ರಲ್ಲಿ ನಾಲ್ಕನೇ ಸಲ ಚಾಂಪಿಯನ್. ಇನ್ನು ಸಾಕು ಅನ್ನುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದಾಗ ತಮ್ಮ 19ನೇ ಸೀಸನ್‌ಗೆ ವಾಪಸ್ ಬಂದರು. ಸೊಂಟದ ಕೀಲಿನ ತೊಂದರೆಯಿಂದ ಜನವರಿವರೆಗೆ ಅಂಗಳಕ್ಕೇ ಇಳಿಯಲಿಲ್ಲ. ಮಾರ್ಚ್‌ನಲ್ಲಿ ಎಡ ಮಣಿಕಟ್ಟಿನ ಮೂಳೆ ಮುರಿದು ಶಸ್ತ್ರಚಿಕಿತ್ಸೆ ಆಯಿತು. ಲೀಗ್ ಹಂತದ 82 ಪಂದ್ಯಗಳಲ್ಲಿ ಅವರು ಆಡಿದ್ದು 8. ಉಳಿದ ದಿನ ಜೊನಾಥನ್ ಕುಮಿಂಗಾ, ಮೋಸಸ್ ಮೂಡಿಯಂಥ ಹುಡುಗರ ಪಕ್ಕ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಅವರು ಸಹಿ ಹಾಕಿದ್ದು ಕನಿಷ್ಠ ಸಂಬಳದ ಒಪ್ಪಂದಕ್ಕೆ. ಆ ವರ್ಷ ಹತ್ತು ವರ್ಷಕ್ಕಿಂತ ಜಾಸ್ತಿ ಆಡಿದವರ ಕನಿಷ್ಠ ಸಂಬಳ ಸುಮಾರು 29 ಲಕ್ಷ ಡಾಲರ್. ಆದರೆ ಒಂದು ವರ್ಷದ ಒಪ್ಪಂದವಾದರೆ ತಂಡದ ಲೆಕ್ಕಕ್ಕೆ ಬರುವುದು ಸುಮಾರು 18 ಲಕ್ಷ ಮಾತ್ರ. ಮಿಕ್ಕಿದ್ದನ್ನು ಲೀಗ್ ತುಂಬಿಕೊಡುತ್ತದೆ. ಅಗ್ಗಕ್ಕೆ ಹುಡುಗರು ಸಿಗುತ್ತಾರೆ ಅಂತ ತಂಡಗಳು ಹಿರಿಯರನ್ನು ಹೊರಗೆ ಹಾಕದಿರಲಿ ಅಂತಲೇ ಇರುವ ನಿಯಮ ಇದು. ಕೋಟಿಗಟ್ಟಲೆ ರೂಪಾಯಿ ಹೌದು, ಆದರೆ ಆ ಲೀಗಿನ ಲೆಕ್ಕದಲ್ಲಿ ಅದು ಚಿಲ್ಲರೆ.

ಈಗ ಆ ಕೊನೆಯ ಮಾತಿಗೆ ಬರೋಣ: "ಹೇಳಿಕೊಡೋಕೆ ಕೋಚ್‌ಗಳಿದ್ದಾರಲ್ಲ." ಇದನ್ನು ಎಷ್ಟು ಸಲ ಕಿತ್ತು ಹಾಕಿದರೂ ಮತ್ತೆ ಚಿಗುರುತ್ತದೆ. ಈ ಸಲ ಬೇರಿಗೇ ಕೈ ಹಾಕುತ್ತೇನೆ.

ಕೋಚ್ ಅಂದರೆ ಯಾರು? ಆಟ ಕಲಿಸುವವರು, ನಿಜ. ಆದರೆ ಅದಕ್ಕಿಂತ ಮೊದಲು, ಯಾರು ಎಷ್ಟು ನಿಮಿಷ ಆಡಬೇಕು ಅಂತ ತೀರ್ಮಾನಿಸುವವರು. ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಆಯ್ಕೆಯಾದ ಹುಡುಗನಿಗೆ ಎರಡು ವರ್ಷದ ಸಂಬಳ ಖಾತ್ರಿ. ಮೂರನೇ ಮತ್ತು ನಾಲ್ಕನೇ ವರ್ಷ ಅವನನ್ನು ಇಟ್ಟುಕೊಳ್ಳಬೇಕೋ ಬೇಡವೋ ಅನ್ನುವುದು ತಂಡದ ಕೈಯಲ್ಲಿ. ಹಾಗಾಗಿ ಅವನಿಗೆ ಒಂದೊಂದು ನಿಮಿಷವೂ ಮುಖ್ಯ. ಅಂಥ ಹುಡುಗ ಕೋಚ್ ಮುಂದೆ ನಿಂತು "ಈ ಆಟ ನನಗೆ ಅರ್ಥ ಆಗಲಿಲ್ಲ" ಅಂತಾನಾ? "ಹಿಮ್ಮಡಿ ನೋಯ್ತಿದೆ, ಹೆದರಿಕೆ ಆಗ್ತಿದೆ" ಅಂತಾನಾ? ಖಂಡಿತ ಇಲ್ಲ. "ಸರಿ ಕೋಚ್" ಅಂತಾನೆ, ಹೋಗಿ ಅದೇ ತಪ್ಪು ಮಾಡುತ್ತಾನೆ.

ಜೊತೆಯವರ ಹತ್ತಿರ ಹೇಳಿಕೊಳ್ಳೋಣ ಅಂದರೆ ಅದೇ ಜಾಗದಲ್ಲಿ ಆಡುವವನು ಅವನ ನಿಮಿಷಗಳಿಗೆ ಪಾಲುದಾರ. ಇವನು ಕೂತರೆ ಅವನು ಆಡುತ್ತಾನೆ.

ಗಾಯವಾದ ಹಿರಿಯ ಈ ಎರಡರಲ್ಲೂ ಸೇರುವುದಿಲ್ಲ. ಅವನು ನಿಮಿಷ ಕೊಡುವವನೂ ಅಲ್ಲ, ಕಿತ್ತುಕೊಳ್ಳುವವನೂ ಅಲ್ಲ. ಅವನ ಹತ್ತಿರ ನಿಜ ಹೇಳಿದರೆ ನಷ್ಟವಿಲ್ಲ. ಅವನು ಆಡದೆ ಕೂತಿರುವುದನ್ನೇ ನೀವು ಕೊರತೆ ಅನ್ನುತ್ತೀರಿ. ಹುಡುಗನಿಗೆ ಅದರಿಂದಲೇ ಬಾಯಿ ಬಿಡುವ ಧೈರ್ಯ ಬರುವುದು.

ಬೆಂಚಿನ ಕಡೆ ಸ್ವಲ್ಪ ಗಮನ ಕೊಟ್ಟು ನೋಡಿ. ಹುಡುಗ ಹೊರಗೆ ಬಂದು ಕೂರುತ್ತಾನೆ. ಕೋಚ್ ಕಣ್ಣೆಲ್ಲ ಅಂಗಳದ ಮೇಲೆ, ಅವರಿಗೆ 24 ಸೆಕೆಂಡಿಗೊಂದು ಹೊಸ ತಲೆನೋವು. ಪಕ್ಕದಲ್ಲಿ ಕೂತ ಹಿರಿಯ ಬಾಗಿ ಹೇಳುವುದು ಹೀಗಿರುತ್ತದೆ: "ಚೆಂಡು ಆ ಮೂಲೆಗೆ ಹೋದಾಗ ನೀನು ಚೆಂಡನ್ನೇ ನೋಡ್ತಾ ನಿಂತೆ. ನಿನ್ನ ಆಳು ಬೆನ್ನ ಹಿಂದಿಂದ ಬಾಸ್ಕೆಟ್ ಕೆಳಗೆ ನುಗ್ಗಿದ. ಒಂದು ಹೆಜ್ಜೆ ಹಿಂದೆ ಸರಿದು ಓರೆಯಾಗಿ ನಿಲ್ಲು, ಎರಡೂ ಕಾಣುತ್ತೆ." ಅಷ್ಟೇ. ಭಾಷಣವಿಲ್ಲ, ಬೆನ್ನು ತಟ್ಟುವುದೂ ಇಲ್ಲ. ಎರಡು ನಿಮಿಷ ಬಿಟ್ಟು ಹುಡುಗ ಒಳಗೆ ಹೋದಾಗ ಅದೇ ಸನ್ನಿವೇಶ ಮತ್ತೆ ಬರುತ್ತದೆ. ಮಾರನೇ ದಿನ ವಿಡಿಯೋ ಹಾಕಿ ಕೋಚ್ ಹೇಳುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಇನ್ನೂ ನಂಬಿಕೆ ಬರದಿದ್ದರೆ ಮಯಾಮಿ ಹೀಟ್‌ನ ಉಡೋನಿಸ್ ಹ್ಯಾಸ್ಲೆಮ್ ಅವರನ್ನು ನೋಡಿ. 20 ಸೀಸನ್, ಒಂದೇ ತಂಡ, ಮೂರು ಪ್ರಶಸ್ತಿ. ಕೊನೆಯ ನಾಲ್ಕು ಸೀಸನ್ ಸೇರಿಸಿದರೆ ಲೀಗ್ ಹಂತದಲ್ಲಿ ಆಡಿದ್ದು ಬರೀ 25 ಪಂದ್ಯ. 2020-21ರಲ್ಲಂತೂ ಒಂದೇ ಪಂದ್ಯ, ಅದರಲ್ಲೂ ಮೂರು ನಿಮಿಷ ಆಗುವ ಮೊದಲೇ ಜಗಳವಾಡಿ ಹೊರಗೆ ಹಾಕಿಸಿಕೊಂಡರು! 2022ರ ಮಾರ್ಚ್‌ನಲ್ಲಿ ವಾರಿಯರ್ಸ್ ವಿರುದ್ಧದ ಪಂದ್ಯದ ನಡುವೆ ತಂಡದ ದೊಡ್ಡ ತಾರೆ ಜಿಮ್ಮಿ ಬಟ್ಲರ್‌ಗೂ ಕೋಚ್ ಎರಿಕ್ ಸ್ಪೋಲ್‌ಸ್ಟ್ರಾಗೂ ಎಲ್ಲರೆದುರೇ ಜೋರು ಜಗಳವಾಯಿತು. ಬಟ್ಲರ್ ಮುಖಕ್ಕೆ ಮುಖ ಕೊಟ್ಟು ನಿಂತು ಕೂಗಾಡಿದ್ದು ಇದೇ ಹ್ಯಾಸ್ಲೆಮ್. ಸಹಾಯಕ ಕೋಚ್ ಒಬ್ಬರು ತಂಡದ ತಾರೆಗೆ ಹಾಗೆ ಬೈದಿದ್ದರೆ ಮಾರನೇ ದಿನ ಏನಾಗುತ್ತಿತ್ತು ಅಂತ ನೀವೇ ಯೋಚಿಸಿ. ಆ ಸಲ ಹೀಟ್ ಪೂರ್ವ ವಿಭಾಗದ ಫೈನಲ್‌ನ ಏಳನೇ ಪಂದ್ಯದವರೆಗೂ ಹೋಯಿತು.

ಹಾಗಂತ ಇದರಲ್ಲಿ ನಷ್ಟವೇ ಇಲ್ಲ ಅಂತ ನಾನು ಹೇಳುವುದಿಲ್ಲ. ನಷ್ಟ ಇದೆ, ಆದರೆ ನೀವು ಹುಡುಕುವ ಕಡೆ ಇಲ್ಲ. ತಂಡದಲ್ಲಿ ಪೂರ್ಣ ಒಪ್ಪಂದದ ಜಾಗ 15. ಇಗುಡಾಲ ಒಂದರಲ್ಲಿ ಕೂತಿದ್ದ ಆ ವರ್ಷ ಟೈ ಜೆರೋಮ್ ಅನ್ನುವ ಆಟಗಾರ ಟೂ-ವೇ ಒಪ್ಪಂದದಲ್ಲಿ (ಮುಖ್ಯ ತಂಡಕ್ಕೂ ಅದರ ಕಿರಿಯ ಲೀಗ್ ತಂಡಕ್ಕೂ ಆಡುವ ಒಪ್ಪಂದ) ಚೆನ್ನಾಗಿ ಆಡಿದರು. ಟೂ-ವೇ ಆಟಗಾರರು ಲೀಗ್ ಹಂತದ ನಂತರದ ಪ್ಲೇಆಫ್ ಆಡುವ ಹಾಗಿಲ್ಲ. ಕೊನೆಗೆ ಖಾಲಿ ಜಾಗ ಉಳಿಯಲಿಲ್ಲ, ಜೆರೋಮ್ ಹೊರಗೇ ಉಳಿದರು. ಟೀಕೆ ಮಾಡುವುದಾದರೆ ಇದನ್ನು ಮಾಡಿ, ಸಂಬಳದ ಮಾತು ಬಿಡಿ.

ಹಿರಿಯರಿದ್ದರೆ ಎಲ್ಲ ಸರಿಹೋಗುತ್ತದೆ ಅನ್ನುವುದೂ ಸುಳ್ಳು. ಆ ಸೀಸನ್ ಶುರುವಾಗುವ ಮೊದಲೇ, ಅಭ್ಯಾಸದ ವೇಳೆ ವಾರಿಯರ್ಸ್‌ನ ಡ್ರೇಮಂಡ್ ಗ್ರೀನ್ ಸಹ ಆಟಗಾರ ಜೋರ್ಡನ್ ಪೂಲ್‌ಗೆ ಗುದ್ದಿದ್ದರು. 2020ರ ಡ್ರಾಫ್ಟ್‌ನಲ್ಲಿ ಎರಡನೆಯವನಾಗಿ ಆಯ್ಕೆಯಾದ ಜೇಮ್ಸ್ ವೈಸ್‌ಮನ್ ಅವರನ್ನು ಫೆಬ್ರವರಿಯಲ್ಲಿ ಬೇರೆ ತಂಡಕ್ಕೆ ಕೊಟ್ಟುಬಿಟ್ಟರು. ಪಕ್ಕದಲ್ಲಿ ಯಾರು ಕೂತಿದ್ದರೇನು, ಕೆಲವು ಕೆಲಸ ಆಗುವುದಿಲ್ಲ.

ಯಾರೂ ಕೇಳದಿದ್ದರೂ ಇನ್ನೊಂದು ವಿಷಯ. ಹೀಗೆ ಹುಡುಗರಿಗೆ ಹೇಳಿಕೊಡುವವರು ಆಮೇಲೆ ಒಳ್ಳೆಯ ಕೋಚ್ ಆಗುತ್ತಾರಾ? ಆಗಲೇಬೇಕು ಅಂತೇನಿಲ್ಲ, ಯಾಕೆಂದರೆ ಕೋಚ್ ಆದ ದಿನವೇ ನಿಮಿಷ ಹಂಚುವ ಅಧಿಕಾರ ಅವರ ಕೈಗೆ ಬಂತು. ನಿನ್ನೆವರೆಗೆ ಮನಸ್ಸು ಬಿಚ್ಚಿ ಮಾತಾಡಿದ ಹುಡುಗ ಇವತ್ತು "ಸರಿ ಕೋಚ್" ಅನ್ನುತ್ತಾನೆ. ಡೆರೆಕ್ ಫಿಷರ್ ಕೊನೆಯ ವರ್ಷಗಳಲ್ಲಿ ಒಕ್ಲಹೋಮಾ ತಂಡದಲ್ಲಿ ತಾರೆಗಳಾದ ಡ್ಯುರಾಂಟ್, ವೆಸ್ಟ್‌ಬ್ರೂಕ್ ಅವರಿಗೆ ಹಿರಿಯಣ್ಣನ ಹಾಗಿದ್ದರು. 2014ರಲ್ಲಿ ಆಟ ಬಿಟ್ಟ ಬೆನ್ನಲ್ಲೇ ನ್ಯೂಯಾರ್ಕ್ ನಿಕ್ಸ್ ತಂಡದ ಕೋಚ್ ಆದರು. ಎರಡನೇ ಸೀಸನ್ ಮುಗಿಯುವ ಮೊದಲೇ ಕೆಲಸ ಹೋಯಿತು. ಅದಕ್ಕೂ ಒಂದು ವರ್ಷ ಮೊದಲು ಅದೇ ರೀತಿ ಅಂಗಳದಿಂದ ನೇರ ಕೋಚ್ ಕುರ್ಚಿಗೆ ಹೋದ ಜೇಸನ್ ಕಿಡ್, 2024ರಲ್ಲಿ ಡಲ್ಲಾಸ್ ತಂಡವನ್ನು ಫೈನಲ್‌ಗೆ ಕರೆದೊಯ್ದರು. ಇಗುಡಾಲ ಈ ಗೋಜಿಗೇ ಹೋಗಲಿಲ್ಲ, 2023ರಲ್ಲಿ ನಿವೃತ್ತರಾಗಿ ಆಟಗಾರರ ಸಂಘದ ಚುಕ್ಕಾಣಿ ಹಿಡಿದರು. ಹ್ಯಾಸ್ಲೆಮ್ ಕೂಡ ಕೋಚ್ ಆಗಲಿಲ್ಲ. ಹೀಟ್ ಅವರಿಗೆ ಆಟಗಾರರನ್ನು ಬೆಳೆಸುವ ವಿಭಾಗದಲ್ಲಿ ಉಪಾಧ್ಯಕ್ಷರ ಹುದ್ದೆ ಕೊಟ್ಟಿತು. ನಿಮಿಷ ಹಂಚುವ ಕೆಲಸ ಈಗಲೂ ಸ್ಪೋಲ್‌ಸ್ಟ್ರಾ ಅವರದ್ದೇ.