ಎರಡು ಸೂಟ್‌ಕೇಸಿನ ತುಂಬ ಮಕ್ಕಳ ಚಿತ್ರ

ಎರಡನೆಯ ಮಹಾಯುದ್ಧ ಮುಗಿದ ವರ್ಷ, 1945ರಲ್ಲಿ, ವಿಲ್ಲಿ ಗ್ರೋಗ್ ಎಂಬ ಯುವಕ ಎರಡು ಸೂಟ್‌ಕೇಸುಗಳನ್ನು ಹೊತ್ತು ಪ್ರಾಗ್ ನಗರದ ಯಹೂದಿ ಸಮುದಾಯದವರ ಬಳಿಗೆ ಬಂದ. ಅವುಗಳ ತುಂಬ ಮಕ್ಕಳು ಬರೆದ ಚಿತ್ರಗಳಿದ್ದವು. ಎಣಿಸಿದರೆ ಸುಮಾರು 4,500. ಬರೆದ ಮಕ್ಕಳಲ್ಲಿ ಹೆಚ್ಚಿನವರು ಅಷ್ಟು ಹೊತ್ತಿಗೆ ಬದುಕಿರಲಿಲ್ಲ. ಅವರ ಕೈಗೆ ಪೆನ್ಸಿಲ್ ಕೊಟ್ಟು ಕೂರಿಸಿದ ಶಿಕ್ಷಕಿಯೂ ಇರಲಿಲ್ಲ.

ಆ ಚಿತ್ರಗಳ ಪ್ರತಿಗಳನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಟ್ಟಿಲ್ಲ. ಹೊಟ್ಟೆಗಿಲ್ಲದ, ಅಪ್ಪ ಅಮ್ಮನಿಂದ ಬೇರೆಯಾದ, ನಾಳೆ ಏನೆಂದು ತಿಳಿಯದ ಮಗುವಿಗೆ ಹಾಳೆ ಬಣ್ಣ ಕೊಡುವುದರಿಂದ ಆಗುವುದಾದರೂ ಏನು ಎಂಬ ಪ್ರಶ್ನೆ ಪ್ರತಿ ಸಲವೂ ಕಾಡುತ್ತದೆ. ಮೊದಲು ರೊಟ್ಟಿ ಕೊಡಬೇಕಲ್ಲವೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಮಾತೇ. ಆದರೆ ಆ ಮಕ್ಕಳ ಮಟ್ಟಿಗೆ ರೊಟ್ಟಿ ಅವರ ಶಿಕ್ಷಕಿಯ ಕೈಯಲ್ಲಿರಲಿಲ್ಲ. ಅವಳ ಬಳಿ ಇದ್ದದ್ದು ಬಣ್ಣ.

ಊರಿನ ಹೆಸರು ಟೆರೆಜಿನ್. ಈಗಿನ ಝೆಕ್ ಗಣರಾಜ್ಯದಲ್ಲಿ, 18ನೆಯ ಶತಮಾನದ ಕೊನೆಗೆ ಕಟ್ಟಿದ ಕೋಟೆಯೂರು. 1941ರ ನವೆಂಬರಿನಿಂದ ನಾಜಿಗಳು ಅದನ್ನು ಯಹೂದಿಗಳನ್ನು ಕೂಡಿಹಾಕುವ ದೊಡ್ಡಿ ಮಾಡಿಕೊಂಡರು. ಒಟ್ಟು ಸುಮಾರು 1,40,000 ಜನರನ್ನು ಅಲ್ಲಿಗೆ ತಂದು ತುಂಬಿದರು. ಸುಮಾರು 33,000 ಮಂದಿ ಹಸಿವು, ರೋಗಗಳಿಂದ ಅಲ್ಲಿಯೇ ಸತ್ತರು. ಸುಮಾರು 88,000 ಮಂದಿಯನ್ನು ರೈಲಿನಲ್ಲಿ ಪೂರ್ವದ ಸಾವಿನ ಶಿಬಿರಗಳಿಗೆ ಅಟ್ಟಿದರು. ಮಕ್ಕಳಿಗೆ ಪಾಠ ಹೇಳುವುದಕ್ಕೆ ನಿಷೇಧವಿತ್ತು. ಹಾಡು, ಚಿತ್ರ, ಕೈಕೆಲಸಗಳಿಗೆ ಮಾತ್ರ ಅವಕಾಶವಿತ್ತು. ಅವುಗಳಿಂದ ಏನೂ ಆಗದು ಎಂದು ಕಾವಲಿನವರು ತಿಳಿದಿರಬೇಕು.

1942ರ ಡಿಸೆಂಬರಿನಲ್ಲಿ ಅಲ್ಲಿಗೆ ಬಂದವಳು ಫ್ರೀಡ್ಲ್ ಡಿಕರ್-ಬ್ರಾಂಡೈಸ್. 1898ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವಳು, ಜರ್ಮನಿಯ ಹೆಸರಾಂತ ಬೌಹೌಸ್ ಕಲಾಶಾಲೆಯಲ್ಲಿ ಓದಿದವಳು. ತಲೆಗೆ 50 ಕಿಲೋ ಸಾಮಾನು ತರಬಹುದೆಂದು ಅಪ್ಪಣೆಯಾಗಿತ್ತು. ಬೇರೆಯವರು ಕಂಬಳಿ, ಪಾತ್ರೆ, ಒಣಗಿದ ತಿನಿಸು ಕಟ್ಟಿಕೊಂಡಾಗ ಅವಳು ಮಕ್ಕಳಿಗೆಂದು ಕಾಗದ, ಬಣ್ಣಗಳನ್ನು ತುಂಬಿಕೊಂಡಳು. ಅದು ಮುಗಿದ ಮೇಲೆ ಕಚೇರಿಯ ಹಳೆಯ ನಮೂನೆಗಳು, ಒಂದು ಬದಿ ಬರೆದು ಬಿಸಾಡಿದ ಹಾಳೆಗಳು ಒದಗಿದವು. ಆ ಹಾಳೆಗಳನ್ನು ಕತ್ತರಿಸಿ ಅಂಟಿಸಿದ ಚಿತ್ರಗಳೂ ಸಂಗ್ರಹದಲ್ಲಿವೆ. ಲೆಕ್ಕದ ಅಂಕಣ ಗೆರೆಗಳು ಆಕಾಶದಲ್ಲಿಯೋ ಬೆಟ್ಟದಲ್ಲಿಯೋ ಹಾಗೆಯೇ ಕಾಣುತ್ತವೆ.

ಅವಳ ತರಗತಿಯ ಕ್ರಮ ತಿಳಿಯಬೇಕಾದದ್ದು. ಮೊದಲು ಲಯ. ಅವಳು ಲಯ ಹೇಳುತ್ತಿದ್ದಂತೆ ಮಕ್ಕಳ ಕೈ ಹಾಳೆಯ ಮೇಲೆ ಸುತ್ತುತ್ತಿತ್ತು, ಏರುತ್ತಿತ್ತು, ಇಳಿಯುತ್ತಿತ್ತು. ಕೈ ಸಡಿಲವಾದ ಮೇಲೆಯೇ ಚಿತ್ರ. ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ತೀರ್ಪಿಗೆ ಅವಳು ಅವಸರ ಮಾಡುತ್ತಿರಲಿಲ್ಲ. ಎಲ್ಲ ಮಕ್ಕಳನ್ನೂ ಕಲಾವಿದರನ್ನಾಗಿಸುವುದು ತನ್ನ ಉದ್ದೇಶವಲ್ಲ, ಅವರೊಳಗಿನ ಸ್ವತಂತ್ರ ಶಕ್ತಿಯನ್ನು, ಕಲ್ಪನೆಯನ್ನು, ನೋಡುವ ಕಣ್ಣನ್ನು ಕಾಪಾಡುವುದು ಉದ್ದೇಶ ಎಂದು ಅವಳು ಬರೆದಿದ್ದಾಳೆ. ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು: ಚಿತ್ರದ ಮೇಲೆ ಬರೆದವರ ಹೆಸರು ಇರಲೇಬೇಕು. ಸಾಗಣೆಯ ಪಟ್ಟಿಯಲ್ಲಿ ಒಂದು ಸಂಖ್ಯೆಯಾಗಿ ಬಂದ ಮಗು ಅಲ್ಲಿ ತನ್ನ ಹೆಸರನ್ನು ತಾನೇ ಬರೆಯುತ್ತಿತ್ತು.

ಈಗ ಚಿತ್ರಗಳನ್ನೇ ನೋಡೋಣ. ಮೂರು ಅಂತಸ್ತಿನ ಮಂಚಗಳು, ಕಾವಲಿನವರು, ಊಟದ ಸಾಲು ಕೆಲವುಗಳಲ್ಲಿವೆ. ಹೆಚ್ಚಿನವು ಬೇರೆ. ಮನೆ, ಮನೆಯೊಳಗಿನ ಮೇಜು, ಹೂವು, ಚಿಟ್ಟೆ, ಹುಲ್ಲುಗಾವಲು, ಹಬ್ಬದ ಊಟ. ಮೊದಲ ಸಲ ನೋಡಿದಾಗ ನನಗೆ ಇದು ಅರ್ಥವಾಗಿರಲಿಲ್ಲ. ದುಃಖದಲ್ಲಿರುವ ಮಗು ದುಃಖವನ್ನೇ ಹೊರಹಾಕುತ್ತದೆ, ಹಾಗೆ ಹೊರಹಾಕಿದರೆ ಹಗುರವಾಗುತ್ತದೆ ಎಂದು ನಂಬಿಕೊಂಡಿದ್ದೆ. ಕಲೆಯ ಬಗ್ಗೆ ನಾವೆಲ್ಲ ಸಲೀಸಾಗಿ ಆಡುವ ಮಾತು ಅದು.

ಅಮೆರಿಕದ ಮನೋವಿಜ್ಞಾನಿಗಳಾದ ಜೆನಿಫರ್ ಡ್ರೇಕ್ ಮತ್ತು ಎಲೆನ್ ವಿನ್ನರ್ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 6ರಿಂದ 12 ವರ್ಷದ ಮಕ್ಕಳಿಗೆ ತಮಗೆ ನಿರಾಸೆಯಾದ ಒಂದು ಘಟನೆಯನ್ನು ನೆನೆಸಿಕೊಳ್ಳಲು ಹೇಳಿದರು. ಆಮೇಲೆ ಕೆಲವರಿಗೆ ಆ ಘಟನೆಯನ್ನೇ ಬಿಡಿಸಲು, ಕೆಲವರಿಗೆ ಒಂದು ಮನೆಯನ್ನು ಬಿಡಿಸಲು, ಇನ್ನು ಕೆಲವರಿಗೆ ಕೊಟ್ಟ ಚಿತ್ರವನ್ನು ನೋಡಿ ನಕಲು ಮಾಡಲು ತಿಳಿಸಿದರು. ಮನಸ್ಸು ಹೆಚ್ಚು ತಿಳಿಯಾದದ್ದು ಮನೆ ಬಿಡಿಸಿದವರದು. ನೋವನ್ನೇ ಬರೆದವರಿಗೆ ಅಷ್ಟು ಸಮಾಧಾನ ಸಿಗಲಿಲ್ಲ, ನಕಲು ಮಾಡಿದವರಿಗೂ ಸಿಗಲಿಲ್ಲ.

ಸಣ್ಣ ನಿರಾಸೆಗೂ ಟೆರೆಜಿನ್ನಿನ ಸಂಕಟಕ್ಕೂ ಯಾವ ಹೋಲಿಕೆಯೂ ಇಲ್ಲ. ಆದರೂ ಮನಸ್ಸು ಕೆಲಸ ಮಾಡುವ ರೀತಿಯ ಒಂದು ಎಳೆ ಇಲ್ಲಿದೆ. ಒಂದೇ ಹೊತ್ತಿಗೆ ನಾವು ತಲೆಯಲ್ಲಿ ಹಿಡಿದಿಟ್ಟುಕೊಳ್ಳಬಹುದಾದ ಸಂಗತಿಗಳು ಬಹಳ ಕಡಿಮೆ. ಮನೆ ಬಿಡಿಸುವ ಮಗು ಬಾಗಿಲು ಎಲ್ಲಿ, ಕಿಟಕಿ ಎಷ್ಟು, ಹೊಗೆ ಯಾವ ಕಡೆ ತಿರುಗಬೇಕು ಎಂದು ಹೆಜ್ಜೆ ಹೆಜ್ಜೆಗೂ ತೀರ್ಮಾನಿಸಬೇಕು. ಕಣ್ಣು, ಕೈ, ನೆನಪು ಮೂರೂ ಆ ಕೆಲಸಕ್ಕೆ ಸಲ್ಲುತ್ತವೆ; ಅದೇ ನೋವನ್ನು ಮತ್ತೆ ಮತ್ತೆ ಮೆಲುಕುಹಾಕಲು ಜಾಗ ಉಳಿಯುವುದಿಲ್ಲ. ಅದಕ್ಕಿಂತ ದೊಡ್ಡದು ಆ ತೀರ್ಮಾನಗಳೇ ಎಂದು ನನಗೆ ತೋರುತ್ತದೆ. ಎಲ್ಲವನ್ನೂ ಬೇರೆಯವರು ನಿರ್ಧರಿಸುವ ಬದುಕಿನಲ್ಲಿ ಅಂಗೈಯಗಲದ ಹಾಳೆಯೊಂದರ ಮೇಲೆ ಮಗುವಿನ ಮಾತು ನಡೆಯುತ್ತದೆ. ನಕಲಿನಲ್ಲಿ ಅದು ಇಲ್ಲ.

ಕನ್ನಡದಲ್ಲಿ ನಾವು ಚಿತ್ರ ಬರೆಯುತ್ತೇವೆ, ಚಿತ್ರ ಬಿಡಿಸುತ್ತೇವೆ. ಗಂಟು ಬಿಡಿಸುವುದಕ್ಕೂ ಸೆರೆ ಬಿಡಿಸುವುದಕ್ಕೂ ಅದೇ ಕ್ರಿಯಾಪದ. ಟೆರೆಜಿನ್ನಿನ ಚಿತ್ರಗಳನ್ನು ನೋಡುವಾಗ ಈ ಪದ ನೆನಪಾಗದೆ ಇರುವುದಿಲ್ಲ.

ದೇಹದ ಲೆಕ್ಕವೂ ಈ ಮಾತಿಗೆ ಹೊಂದುತ್ತದೆ. ಒತ್ತಡಕ್ಕೆ ಸಿಕ್ಕಾಗ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ನನ್ನ ಕೈಯಲ್ಲಿ ಏನೂ ಇಲ್ಲ ಎನಿಸಿದಾಗ, ಜೊತೆಗೆ ಬೇರೆಯವರು ನನ್ನನ್ನು ಅಳೆಯುತ್ತಿದ್ದಾರೆ ಎನಿಸಿದಾಗ ಅದು ಹೆಚ್ಚು ಏರುತ್ತದೆ ಎಂಬುದು ಹಲವಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡ ಸಂಗತಿ. 2016ರಲ್ಲಿ ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 39 ವಯಸ್ಕರಿಗೆ 45 ನಿಮಿಷ ಮನಸ್ಸಿಗೆ ಬಂದಂತೆ ಮಣ್ಣು, ಬಣ್ಣ, ಕಾಗದಗಳಲ್ಲಿ ಕೈಯಾಡಿಸಲು ಬಿಟ್ಟು, ಮೊದಲೂ ಕೊನೆಗೂ ಅವರ ಎಂಜಲನ್ನು ಪರೀಕ್ಷಿಸಿದರು. ನಾಲ್ವರಲ್ಲಿ ಮೂವರಿಗೆ ಕಾರ್ಟಿಸಾಲ್ ಇಳಿದಿತ್ತು. ಕಲೆಯ ಅಭ್ಯಾಸ ಇದ್ದವರು, ಇಲ್ಲದವರು ಎಂಬ ವ್ಯತ್ಯಾಸ ಅಷ್ಟಾಗಿ ಕಾಣಲಿಲ್ಲ. ಹೋಲಿಸಲು ಸುಮ್ಮನೆ ಕುಳಿತ ಇನ್ನೊಂದು ಗುಂಪು ಅಲ್ಲಿರಲಿಲ್ಲವಾದ್ದರಿಂದ ಇದನ್ನು ಗಟ್ಟಿ ಸಾಕ್ಷ್ಯವೆನ್ನಲಾರೆ. ಆದರೆ ಅಲ್ಲಿ ಅಂಕವಿರಲಿಲ್ಲ, ಬಹುಮಾನವಿರಲಿಲ್ಲ ಎಂಬುದನ್ನು ಗಮನಿಸಬೇಕು. ನಮ್ಮಲ್ಲಿ ಮಗುವಿನ ಚಿತ್ರವೆಂದರೆ ಕೂಡಲೇ ಸ್ಪರ್ಧೆ, ಮೊದಲ ಬಹುಮಾನ, ಸಮಾಧಾನಕರ ಬಹುಮಾನ. ಡ್ರಾಯಿಂಗ್ ಪಿರಿಯಡ್ ಇದ್ದರೆ ಅದನ್ನು ಗಣಿತಕ್ಕೆ ಕೊಟ್ಟುಬಿಡುವುದು, ಕೊಡದಿದ್ದರೆ ಕಪ್ಪು ಹಲಗೆಯ ಮೇಲಿನ ಹೂಕುಂಡವನ್ನು ನಲವತ್ತು ಮಕ್ಕಳೂ ನಕಲು ಮಾಡುವುದು. ಇದರಿಂದ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಾಗಾದರೆ ಕಂಡ ಕಷ್ಟವನ್ನು ಮಕ್ಕಳು ಬರೆಯಲೇಬಾರದೇ? ಟೆರೆಜಿನ್ನಿನಲ್ಲಿಯೇ ಇದಕ್ಕೆ ಇನ್ನೊಂದು ಉತ್ತರವಿದೆ. 12 ವರ್ಷದ ಹೆಲ್ಗಾ ವೈಸೊವಾ ಅಲ್ಲಿಗೆ ಬಂದ ಹೊಸದರಲ್ಲಿ ಹಿಮದ ಗೊಂಬೆ ಮಾಡುತ್ತಿರುವ ಮಕ್ಕಳ ಚಿತ್ರವೊಂದನ್ನು ಗಂಡಸರ ಬ್ಯಾರಕ್ಕಿನಲ್ಲಿದ್ದ ತಂದೆಗೆ ಗುಟ್ಟಾಗಿ ಕಳುಹಿಸಿದಳು. ನೋಡಿದ್ದನ್ನು ಬರೆ ಎಂದು ತಂದೆ ಉತ್ತರಿಸಿದರು. ಅಲ್ಲಿಂದ ಮುಂದೆ ಅವಳು ಬರೆದದ್ದು ರೊಟ್ಟಿಯ ಗಾಡಿ, ಬಚ್ಚಲ ಮನೆ, ಹೊರಡುವವರ ಸಾಲು. ಅವಳ ಚಿಕ್ಕಪ್ಪ ಆ ಚಿತ್ರಗಳನ್ನು ಗೋಡೆಯೊಳಗೆ ಇಟ್ಟಿಗೆ ಮುಚ್ಚಿ ಉಳಿಸಿದರು. ತಂದೆ ಉಳಿಯಲಿಲ್ಲ. ಹೆಲ್ಗಾ ಬದುಕಿ ಬಂದು ಚಿತ್ರಕಲಾವಿದೆಯಾದಳು. ಅವಳಿಗೆ ಬರೆಯುವುದು ಸಾಕ್ಷಿ ನುಡಿಯುವ ಕೆಲಸವಾಗಿತ್ತು, ಆ ಕೆಲಸವನ್ನು ಅವಳು ಒಪ್ಪಿಕೊಂಡಿದ್ದಳು.

ಮಗುವಿಗೆ ಹೇಳಬೇಕೆನಿಸಿದಾಗ ಚಿತ್ರ ಎಷ್ಟು ನೆರವಾಗುತ್ತದೆ ಎಂಬುದನ್ನು ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಜೂಲಿಯನ್ ಗ್ರಾಸ್ ಮತ್ತು ಹಾರ್ಲೀನ್ ಹೇನ್ 1998ರಲ್ಲಿ ತೋರಿಸಿದರು. ಸಂತೋಷ, ದುಃಖ, ಭಯ, ಸಿಟ್ಟು ಬಂದ ಸಂದರ್ಭಗಳನ್ನು 3ರಿಂದ 6 ವರ್ಷದ ಮಕ್ಕಳು ವಿವರಿಸಬೇಕಿತ್ತು. ಬರೆಯುತ್ತ ಹೇಳಿದವರು ಬರಿಯ ಬಾಯಲ್ಲಿ ಹೇಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು ವಿವರ ಕೊಟ್ಟರು. ಬರೆದ ಗೆರೆಯೇ ಮುಂದಿನ ನೆನಪಿಗೆ ಕೊಂಡಿಯಾಗುತ್ತದೆ. ದೊಡ್ಡವರ ಮುಖ ನೋಡುತ್ತ ಉತ್ತರಿಸುವ ಮುಜುಗರವೂ ಇರುವುದಿಲ್ಲ. ಆದರೆ ಅಲ್ಲಿಯೂ ವಿಷಯ ತಿಳಿದದ್ದು ಮಗುವಿನ ಬಾಯಿಂದ. ಕಪ್ಪು ಬಣ್ಣ ಬಳಸಿದರೆ ಖಿನ್ನತೆ, ಕೈ ಬಿಡಿಸದಿದ್ದರೆ ಯಾರೋ ಹೊಡೆದಿದ್ದಾರೆ ಎಂದೆಲ್ಲ ಚಿತ್ರ ನೋಡಿ ಭವಿಷ್ಯ ಹೇಳುವವರನ್ನು ನಂಬಬಾರದು. ಮೂರು ನಾಲ್ಕು ವರ್ಷದ ಮಕ್ಕಳು ತಲೆಯಿಂದಲೇ ಕಾಲು ಹೊರಟ ಗೊದಮೊಟ್ಟೆಯಂಥ ಮನುಷ್ಯನನ್ನು ಬಿಡಿಸುವುದು ತೀರ ಸಹಜ. ಕೈ ಬರೆಯಲು ಮರೆಯುವುದೂ ಸಹಜ. ಕಪ್ಪು ಕ್ರೇಯಾನ್ ಎಷ್ಟೋ ಸಲ ಡಬ್ಬಿಯಲ್ಲಿ ಉಳಿದಿದ್ದ ಒಂದೇ ಕ್ರೇಯಾನ್ ಆಗಿರುತ್ತದೆ.

ಒಂದು ಮಗುವಿನಿಂದ ಒಂದು ಊರಿಗೆ, ಕೇರಿಗೆ ಈ ಕೆಲಸ ಹಬ್ಬುವುದು ಹೇಗೆ? ವೆನೆಜುವೆಲಾದಲ್ಲಿ ಹೊಸೆ ಆಂತೋನಿಯೊ ಅಬ್ರೆಯು 1975ರಲ್ಲಿ ಕರಾಕಸ್ ನಗರದ ಒಂದು ಗ್ಯಾರೇಜಿನಲ್ಲಿ 11 ಮಕ್ಕಳೊಂದಿಗೆ ಶುರುಮಾಡಿದ ವಾದ್ಯವೃಂದ ‘ಎಲ್ ಸಿಸ್ತೆಮಾ’ ಎಂಬ ಹೆಸರಿನಲ್ಲಿ ದೇಶದುದ್ದಕ್ಕೂ ಬೆಳೆಯಿತು. ಅದರ 16 ಕೇಂದ್ರಗಳಲ್ಲಿ 2,914 ಮಕ್ಕಳ ಮೇಲೆ ನಡೆದ ಅಧ್ಯಯನವೊಂದಿದೆ. ಕೆಲವರಿಗೆ ಒಂದು ವರ್ಷ ಮೊದಲು, ಕೆಲವರಿಗೆ ಒಂದು ವರ್ಷ ತಡವಾಗಿ ಪ್ರವೇಶ. ಯಾರಿಗೆ ಯಾವುದು ಎಂದು ಚೀಟಿ ಎತ್ತಿದಂತೆ ನಿರ್ಧಾರ. ಮೊದಲು ಸೇರಿದವರಲ್ಲಿ ಸ್ವನಿಯಂತ್ರಣ ಸುಧಾರಿಸಿತ್ತು, ನಡವಳಿಕೆಯ ತೊಡಕುಗಳು ಕಡಿಮೆಯಾಗಿದ್ದವು. ಹಿಂಸೆಯನ್ನು ಕಂಡು ಬೆಳೆದ ಹುಡುಗರಲ್ಲಿ ಆಕ್ರಮಣಶೀಲತೆ ಇಳಿದದ್ದು ಎದ್ದು ಕಂಡಿತು. ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಒಟ್ಟಾರೆ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಸಂಗೀತ ಕಲಿತರೆ ಲೆಕ್ಕದಲ್ಲಿ ಅಂಕ ಏರುತ್ತದೆ ಎಂದು ಪಾಲಕರನ್ನು ಒಲಿಸುವವರು ಇದನ್ನು ಓದಬೇಕು.

ಅದೇ ಅಧ್ಯಯನದ ಇನ್ನೊಂದು ಅಂಕಿ ನನ್ನನ್ನು ಹೆಚ್ಚು ತಟ್ಟಿತು. ಆ ಮಕ್ಕಳಿದ್ದ ರಾಜ್ಯಗಳಲ್ಲಿ ಬಡತನದ ಪ್ರಮಾಣ ಶೇ. 46.5 ಇದ್ದರೆ, ಕೇಂದ್ರಕ್ಕೆ ಬಂದ ಮಕ್ಕಳಲ್ಲಿ ಬಡವರು ಶೇ. 16.7 ಮಾತ್ರ. ಬಾಗಿಲು ಎಲ್ಲರಿಗೂ ತೆರೆದಿತ್ತು, ಶುಲ್ಕದ ಮಾತೂ ಇರಲಿಲ್ಲ. ಆದರೂ ಯಾರಿಗೆ ಹೆಚ್ಚು ಬೇಕಿತ್ತೋ ಅವರು ಬಾಗಿಲ ತನಕ ಬಂದಿರಲಿಲ್ಲ. ಕರೆತರುವವರು ಬೇಕು, ಬಸ್ಸಿಗೆ ಕಾಸು ಬೇಕು, ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳುವವರು ಬೇಕು. ಫ್ರೀಡ್ಲ್ ಮಕ್ಕಳಿದ್ದ ಕಟ್ಟಡದಲ್ಲಿಯೇ ವಾಸವಿದ್ದಳು.

ಬೆಂಗಳೂರಿನ ಹೊರವಲಯದಲ್ಲಿ ಕಟ್ಟಡ ಕೆಲಸಕ್ಕೆ ಬಂದವರ ತಗಡಿನ ಶೆಡ್ಡುಗಳಿಗೆ ನಾನು ಕೆಲವು ಭಾನುವಾರ ಹಾಳೆ, ಕ್ರೇಯಾನ್ ಹಿಡಿದು ಹೋಗುತ್ತಿದ್ದೆ. ರಾಯಚೂರು ಕಡೆಯ ಕುಟುಂಬಗಳು. ಆರು ವರ್ಷದ ಹುಡುಗಿಯೊಬ್ಬಳು ನಾನು ಬರುವ ಮೊದಲೇ ಇಟ್ಟಿಗೆ ಚೂರಿನಿಂದ ಸಿಮೆಂಟ್ ನೆಲದ ಮೇಲೆ ಗೆರೆ ಎಳೆಯುತ್ತ ಕುಳಿತಿರುತ್ತಿದ್ದಳು. ಹಾಳೆ ಸಿಕ್ಕ ದಿನ ಮನೆ ಬಿಡಿಸಿದಳು. ಗೋಡೆಯ ಒಳಗೆ ಮಲಗಿದ ಅಜ್ಜಿ, ಅಜ್ಜಿಯ ಪಕ್ಕ ಆಡು, ಎರಡೂ ಹೊರಗಿನಿಂದಲೇ ಕಾಣುತ್ತಿದ್ದವು. ಆ ವಯಸ್ಸಿನ ಮಕ್ಕಳು ಕಾಣುವುದಕ್ಕಿಂತ ತಮಗೆ ಗೊತ್ತಿರುವುದನ್ನು ಬರೆಯುತ್ತಾರೆ. ಶೆಡ್ಡು ಎಲ್ಲಿ ಎಂದು ಕೇಳಿದ್ದಕ್ಕೆ, ಇದು ಊರಿನ ಮನೆ, ಇಲ್ಲಿ ಶೆಡ್ಡು ಇಲ್ಲ ಎಂದಳು. ಹೆಸರು ಬರೆಯುವುದು ಹೇಗೆಂದು ಕೇಳಿದಳು. ನಾನು ಇನ್ನೊಂದು ಚೀಟಿಯಲ್ಲಿ ಬರೆದು ತೋರಿಸಿದೆ. ಮೂರು ಸಲ ನೆಲದ ಮೇಲೆ ತಿದ್ದಿ, ನಾಲ್ಕನೆಯ ಸಲ ಆಡಿನ ಹೊಟ್ಟೆಯ ಮೇಲೆ ಬರೆದಳು. ಅನ್ನದ ಅಗುಳು ಸವರಿ ತಾಯಿ ಅದನ್ನು ತಗಡಿಗೆ ಅಂಟಿಸಿದರು.

ತಿಂಗಳ ಮೇಲೆ ಹೋದಾಗ ಆ ಕಟ್ಟಡದ ಕೆಲಸ ಮುಗಿದಿತ್ತು, ಶೆಡ್ಡು ಖಾಲಿಯಾಗಿತ್ತು. ಮುರಿದ ಬಕೆಟ್ಟು, ಹರಿದ ಟಾರ್ಪಾಲಿನ್ ಅಲ್ಲಿಯೇ ಬಿದ್ದಿದ್ದವು. ತಗಡಿನ ಮೇಲೆ ನಾಲ್ಕು ಮೂಲೆಗೆ ಒಣಗಿದ ಅಗುಳಿನ ಗುರುತಿತ್ತು. ಚಿತ್ರವನ್ನು ಹರಿಯದಂತೆ ಬಿಡಿಸಿಕೊಂಡು ಹೋಗಿದ್ದರು.