ಹಮ್ಮಿಂಗ್‌ಬರ್ಡ್‌ಗಳ ಪ್ರಣಯ: ಹೆಣ್ಣು ಕೂತ ಕೊಂಬೆಯಿಂದ ನೋಡೋಣ

ಹಮ್ಮಿಂಗ್‌ಬರ್ಡ್ ಅನ್ನುವ ಪುಟ್ಟ ಹಕ್ಕಿಗಳ ಈ ಪಾಠ ಓದುವಾಗ, ಹೆಣ್ಣನ್ನು ಒಲಿಸಲು ಗಂಡು ಹಾರುವ ದಾರಿಯನ್ನೇ ನೋಡುತ್ತಾ ಕೂರಬೇಡಿ. ಹೆಣ್ಣು ಎಲ್ಲಿ ಕೂತಿದೆ ಅಂತ ಮೊದಲು ಹುಡುಕಿ. ಗಂಡಿನ ಕಸರತ್ತೆಲ್ಲ ಆ ಒಂದು ಜಾಗಕ್ಕೆ ಗುರಿಯಿಟ್ಟದ್ದು. ಇದು ಗೊತ್ತಾದ ಮೇಲೆ ಉಳಿದದ್ದು ತಾನಾಗಿಯೇ ಅರ್ಥವಾಗುತ್ತದೆ.

ಹಮ್ಮಿಂಗ್‌ಬರ್ಡ್‌ಗಳು ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ, ಸುಮಾರು 360 ಜಾತಿ. ಗೂಡು, ಕಾವು, ಮರಿಗೆ ಗುಟುಕು, ಇವೆಲ್ಲ ಸಾಮಾನ್ಯವಾಗಿ ಹೆಣ್ಣೊಂದರದ್ದೇ ಕೆಲಸ. ಗಂಡು ಯಾವುದಕ್ಕೂ ಕೈ ಹಾಕುವುದಿಲ್ಲ. ಹಾಗಾಗಿ ಯಾವ ಗಂಡು ಬೇಕು ಅನ್ನುವುದನ್ನು ಹೆಣ್ಣು ನೋಡಿ, ಕೇಳಿ ಆರಿಸುತ್ತದೆ.

ಉದಾಹರಣೆಗೆ ಕ್ಯಾಲಿಫೋರ್ನಿಯಾದ ಅನ್ನಾಸ್ ಹಮ್ಮಿಂಗ್‌ಬರ್ಡ್ ತೆಗೆದುಕೊಳ್ಳಿ. ತೂಕ ನಾಲ್ಕೈದು ಗ್ರಾಂ ಅಷ್ಟೇ. ಗಂಡು ಸುಮಾರು 30 ಮೀಟರ್ ಮೇಲೇರಿ, ಅಲ್ಲಿಂದ ಹೆಣ್ಣಿನ ಕಡೆಗೆ ನೇರ ಧುಮುಕುತ್ತದೆ. ವೇಗ ಸೆಕೆಂಡಿಗೆ ಸುಮಾರು 27 ಮೀಟರ್ ಮುಟ್ಟುತ್ತದೆ. ತನ್ನ ಮೈಯುದ್ದದ 385 ಪಟ್ಟು ದೂರ, ಒಂದೇ ಸೆಕೆಂಡಿನಲ್ಲಿ! ಕೆಳಗೆ ಬಂದು ಮತ್ತೆ ಮೇಲಕ್ಕೆ ತಿರುಗುವಾಗ ಗುರುತ್ವದ ಸುಮಾರು ಒಂಬತ್ತು ಪಟ್ಟು ಒತ್ತಡ ಆ ಪುಟ್ಟ ಮೈ ಮೇಲೆ ಬೀಳುತ್ತದೆ.

ತಿರುಗುವ ಆ ಗಳಿಗೆಯಲ್ಲಿ 'ಚಿಪ್' ಅಂತ ಜೋರಾದ ಒಂದು ಸದ್ದು. ಗಂಟಲಿನಿಂದ ಬಂತು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? 2008ರಲ್ಲಿ ಕ್ರಿಸ್ಟೋಫರ್ ಕ್ಲಾರ್ಕ್ ಮತ್ತು ತೆರೇಸಾ ಫಿಯೊ ಎಂಬ ಸಂಶೋಧಕರು ಅದು ಬಾಲದ ಸದ್ದು ಅಂತ ತೋರಿಸಿದರು. ಅವರು ಬಾಲದ ಅಂಚಿನ ಗರಿಗಳನ್ನು ತೆಗೆದೋ ಕತ್ತರಿಸಿಯೋ ಗಂಡುಗಳನ್ನು ಬಿಟ್ಟರು. ಹಕ್ಕಿ ಧುಮುಕಿತು, ಸದ್ದು ಮಾತ್ರ ಬರಲಿಲ್ಲ. ಆ ಗರಿಯನ್ನು ಜೋರು ಗಾಳಿಗೆ ಒಡ್ಡಿದಾಗ ಗರಿಯೊಂದೇ ಅದೇ ಸ್ವರದಲ್ಲಿ ಕೂಗಿತು. ಗಂಡು ಬಾಲ ಬಿಚ್ಚುವುದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು. ಅಷ್ಟರಲ್ಲಿ ಗರಿಯ ಅಂಚು ಗಾಳಿಗೆ ಪಟಪಟ ಅದುರಿ ಸದ್ದು ಹುಟ್ಟುತ್ತದೆ. ನನಗೆ ಈ ಅಧ್ಯಾಯದಲ್ಲಿ ಅತಿ ಇಷ್ಟವಾದ ಪ್ರಯೋಗ ಇದು. ಪ್ರಶ್ನೆ ಸರಳ, ಉತ್ತರ ಸ್ಪಷ್ಟ.

ಇನ್ನು ಬಣ್ಣ. ಗಂಡಿನ ಕತ್ತಿನ ಹೊಳಪು ಬರೀ ಬಣ್ಣದ ಪುಡಿಯಿಂದ ಬಂದದ್ದಲ್ಲ. ಗರಿಯೊಳಗಿನ ಅತಿ ಸಣ್ಣ ಪದರಗಳಲ್ಲಿ ಬೆಳಕು ತಾಗಿ ಹಿಂತಿರುಗುವ ರೀತಿಯಿಂದ ಬಂದದ್ದು. ಅದಕ್ಕೇ ಒಂದು ಕೋನದಿಂದ ಕೆಂಡದಂತೆ ಕಾಣುವ ಕತ್ತು ಇನ್ನೊಂದು ಕೋನದಿಂದ ಕಪ್ಪಾಗಿ ಕಾಣುತ್ತದೆ. ಬಿಸಿಲಿದ್ದಾಗ ಅನ್ನಾಸ್ ಗಂಡು ಸೂರ್ಯನ ದಿಕ್ಕು ನೋಡಿಕೊಂಡು ಧುಮುಕುವುದು ಈ ಹೊಳಪು ಹೆಣ್ಣಿನ ಕಣ್ಣಿಗೆ ಬೀಳಲಿ ಅಂತ. ರಾಕಿ ಬೆಟ್ಟಗಳ ಬ್ರಾಡ್‌ಟೇಲ್ಡ್ ಹಮ್ಮಿಂಗ್‌ಬರ್ಡ್‌ನಲ್ಲಿ ವೇಗ, ಬಾಲದ ಸದ್ದು, ಕತ್ತಿನ ಬಣ್ಣ ಬದಲಾಗುವುದು ಮೂರೂ ಸುಮಾರು 300 ಮಿಲಿಸೆಕೆಂಡಿನೊಳಗೆ ಒಟ್ಟಿಗೆ ಬರುತ್ತವೆ ಅಂತ 2018ರ ಅಧ್ಯಯನ ಹೇಳಿತು. ಕೋಸ್ಟಾಸ್ ಹಮ್ಮಿಂಗ್‌ಬರ್ಡ್‌ನ ಗಂಡು, ಹೆಣ್ಣಿನ ಪಕ್ಕದಿಂದ ಹಾದುಹೋಗುವಾಗ ಬಾಲವನ್ನು ಅದರ ಕಡೆಗೇ ಹೊರಳಿಸುತ್ತದೆ. ಸದ್ದು ಸುಮ್ನೆ ಬೇರೆ ಕಡೆ ಹೋಗಬಾರದಲ್ಲ!

ಒಂದು ಎಚ್ಚರ: ಧುಮುಕಿದ್ದೆಲ್ಲ ಪ್ರಣಯವಲ್ಲ. ಅನ್ನಾಸ್ ಗಂಡು ತನ್ನ ಜಾಗಕ್ಕೆ ಬಂದ ಬೇರೆ ಹಕ್ಕಿಗಳ ಮೇಲೆ, ಕೆಲವೊಮ್ಮೆ ಮನುಷ್ಯರ ಮೇಲೂ ಹೀಗೇ ಎರಗುತ್ತದೆ. ಎಲ್ಲ ಜಾತಿಗಳೂ ಧುಮುಕುವುದೂ ಇಲ್ಲ. ಹರ್ಮಿಟ್ ಗುಂಪಿನ ಹಲವು ಜಾತಿಗಳಲ್ಲಿ ಗಂಡುಗಳು ಕಾಡಿನ ನೆರಳಲ್ಲಿ ಒಂದೆಡೆ ಸೇರಿ, ತಂತಮ್ಮ ಕೊಂಬೆಯಲ್ಲಿ ಕೂತು ಹಾಡುತ್ತವೆ. ಇಂಥ ಕೂಟಕ್ಕೆ ಲೆಕ್ ಅನ್ನುತ್ತಾರೆ.

ಕೂಡುವಿಕೆ ಕೆಲವೇ ಸೆಕೆಂಡುಗಳದ್ದು. ಅಲ್ಲಿಂದ ಗಂಡಿನ ದಾರಿ ಗಂಡಿಗೆ. ಹೆಣ್ಣು ಜೇಡರ ಬಲೆಯ ಎಳೆಗಳಿಂದ ಬಿಗಿದ ಪುಟ್ಟ ಬಟ್ಟಲಿನಂಥ ಗೂಡಿನಲ್ಲಿ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ಮರಿಗಳು ಬೆಳೆದಂತೆ ಆ ಎಳೆಗಳು ಹಿಗ್ಗಿ ಗೂಡೂ ಅಗಲವಾಗುತ್ತಾ ಹೋಗುತ್ತದೆ.